ಗುಂಡ್ಲುಪೇಟೆಯಲ್ಲಿ ಕೂತು ಕೆಂಪಿಯನ್ನು ಕಾದದ್ದು

ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯ ಟಪಾಲು ಶಾಖೆಯಲ್ಲಿ ಹದಿನಾಲ್ಕು ವರ್ಷ ಕೂತು, ಕೇಳಿದ ಪ್ರಶ್ನೆಗೆಲ್ಲ ‘ನೋಡಿ ಹೇಳ್ತೀನಿ’ ಎಂದೇ ಉತ್ತರ ಕೊಟ್ಟು ಮಾನ ಉಳಿಸಿಕೊಂಡಿದ್ದ ಚಿಕ್ಕಮಲ್ಲಪ್ಪ, ನೋಡದೆ ಹೇಳಿದ್ದು ಒಂದೇ ಒಂದು ಸಲ. ಅದೂ ಗುಂಡ್ಲುಪೇಟೆಯ ಅತ್ತೆ ಮನೆಯಲ್ಲಿ, ಭಾಮೈದ ರಾಜಶೇಖರನ ನಿಶ್ಚಿತಾರ್ಥದ ಊಟಕ್ಕೆ ಕೂತಾಗ, ಎಲೆಯ ಮೇಲೆ ಎರಡನೆಯ ಒಬ್ಬಟ್ಟು ಬಿದ್ದ ಗಳಿಗೆಯಲ್ಲಿ.

ಆಗ ಎರಡು ಸಾವಿರದ ಒಂಬತ್ತನೆಯ ಇಸವಿ. ಮದುವೆಯ ದಿನ ಗೊತ್ತಾಗಿತ್ತು. ಬೆರಳು ಮಡಿಸಿ ಎಣಿಸಿದರೆ ಚಿಕ್ಕಮಲ್ಲಪ್ಪನ ಹಸು ಕೆಂಪಿ ಕರು ಹಾಕುವುದೂ ಅದೇ ವಾರ. ಬಡಿಸುತ್ತಿದ್ದ ಅತ್ತೆ ಶಾಂತಮಲ್ಲಮ್ಮ ತುಪ್ಪದ ಮಿಳ್ಳೆಯನ್ನು ಗಾಳಿಯಲ್ಲೇ ನಿಲ್ಲಿಸಿ, ಹಾಗಾದರೆ ಮದುವೆಯ ಹೊತ್ತಿನಲ್ಲಿ ಹಸುವಿನ ಹತ್ತಿರ ಯಾರಿರುತ್ತಾರೆ ಎಂದು ಕೇಳಿದರು.

ಕೇಳಲು ಅವರಿಗೆ ಹಕ್ಕಿತ್ತು. ಮಗಳು ರೂಪಶ್ರೀಯ ಎರಡನೆಯ ಬಾಣಂತನ ಮುಗಿಸಿ ಕಳಿಸುವಾಗ, ಮೊಮ್ಮಕ್ಕಳಿಗೆ ಪಾಕೀಟಿನ ಹಾಲು ಕುಡಿಸಬಾರದೆಂದು ತಮ್ಮ ಕೊಟ್ಟಿಗೆಯ ಕಡಸನ್ನೇ ಟೆಂಪೋಗೆ ಹತ್ತಿಸಿ ಕಳಿಸಿದವರು ಅವರು. ಆ ಕಡಸೇ ಕೆಂಪಿ. ಹೋದ ವರ್ಷ ಕೆಂಪಿ ಮೊದಲ ಕರು ಹಾಕಿದ್ದು ಹಾಡುಹಗಲು ಹನ್ನೊಂದು ಗಂಟೆಗೆ. ಚಿಕ್ಕಮಲ್ಲಪ್ಪ ಕಚೇರಿಯಲ್ಲಿದ್ದ, ರೂಪಶ್ರೀ ತಾನು ಪಾಠ ಮಾಡುವ ಶಾಲೆಯಲ್ಲಿದ್ದಳು. ಮೂಗಿನ ಮೇಲಿದ್ದ ಪೊರೆ ತೆಗೆಯಲು ಒಂದು ಕೈ ಇಲ್ಲದೆ ಕರು ಉಸಿರುಕಟ್ಟಿ ಸತ್ತಿತು. ಸುದ್ದಿ ಕೇಳಿ ಬಂದ ಶಾಂತಮಲ್ಲಮ್ಮ ಆವತ್ತು ಅಳಿಯನ ಮನೆಯಲ್ಲಿ ನೀರು ಕೂಡ ಮುಟ್ಟದೆ, ಹೊಸಿಲು ದಾಟುವಾಗ ಒಂದೇ ಮಾತು ಹೇಳಿದ್ದರು:

“ಇದೊಂದ್ ಸಲಕ್ಕೆ ಆಯ್ತು ಅಳಿಮಯ್ಯ. ಇನ್ನೊಂದ್ ಕಿತ ಇಂಗಾದ್ರೆ ಹಸ ನಮ್ ಕೊಟ್ಗೆಗೆ ವಾಪಸ್ ಬತ್ತದೆ. ಕಾಯಾಕಾಗ್ದೋರ್ ತಾವ ಅದ್ಯಾಕೆ ಇರ್ಬೇಕು.”

ಅಂದಿನಿಂದ ಕೆಂಪಿ ಆ ಮನೆಯಲ್ಲಿ ಮೇವು ತಿನ್ನುತ್ತಿದ್ದರೂ ಒಂದು ಕಾಲು ಗುಂಡ್ಲುಪೇಟೆಯಲ್ಲೇ ಇಟ್ಟಂತಿತ್ತು. ಚಿಕ್ಕಮಲ್ಲಪ್ಪನ ಇಬ್ಬರು ಮಕ್ಕಳು ಶಾಲೆಯಿಂದ ಬಂದರೆ ಚೀಲ ಬಿಸಾಡಿ ಮೊದಲು ಓಡುತ್ತಿದ್ದದ್ದು ಕೊಟ್ಟಿಗೆಗೆ. ಕಚೇರಿಯಲ್ಲಿ ಚಿಕ್ಕಮಲ್ಲಪ್ಪನಿಗೆ ಯಾರೂ ಎದ್ದು ನಿಲ್ಲುತ್ತಿರಲಿಲ್ಲ; ಅವನನ್ನು ಕಂಡ ಕೂಡಲೇ ಎದ್ದು ನಿಲ್ಲುತ್ತಿದ್ದ ಜೀವ ಅದೊಂದೇ.

ಅತ್ತೆಯ ಪ್ರಶ್ನೆಗೆ ಅಳಿಯ ಬಾಯಿ ತೆರೆಯುವಷ್ಟರಲ್ಲಿ ರಾಜಶೇಖರ ನಡುವೆ ಬಂದ. ಚೆಂಡು ಹೂವನ್ನು ಕೇರಳಕ್ಕೆ ಕಳಿಸುವ ಏಜೆಂಟನಾಗಿ ಎರಡು ಮೊಬೈಲು ಇಟ್ಟುಕೊಂಡಿದ್ದ ಅವನು, ಭಾವ ಬೇಕಾದರೆ ಹಸು ಕಾಯಲು ಊರಲ್ಲೇ ಉಳಿಯಲಿ, ಅಕ್ಕ ಮಕ್ಕಳು ಬಂದರೆ ಮದುವೆ ನಡೆಯುತ್ತದೆ ಎಂದ. ಹಿರಿಯ ಅಳಿಯನಿಲ್ಲದೆಯೂ ಧಾರೆ ನಡೆಯುತ್ತದೆ ಎಂಬ ಮಾತನ್ನು ನಲವತ್ತು ಎಲೆಗಳ ಪಂಕ್ತಿ ಕೇಳಿಸಿಕೊಂಡಿತು.

“ಯಾರೂ ಎಲ್ಲೂ ಉಳಿಯೋದು ಬ್ಯಾಡ,” ಎಂದ ಚಿಕ್ಕಮಲ್ಲಪ್ಪ. “ನಾನು ಇಲ್ಲೇ, ಈ ನಡುಮನೆಲೇ ಕೂತ್ಕೊಂಡು ಚಾಮರಾಜನಗರದ ಕೆಂಪಿನ ಕಾಯ್ತೀನಿ. ಕಂಪ್ಯೂಟ್ರಲ್ಲಿ.”

ಪಂಕ್ತಿ ಅಗಿಯುವುದನ್ನು ನಿಲ್ಲಿಸಿತು. ರೂಪಶ್ರೀಯ ಸೋದರತ್ತೆ ಪುಟ್ಟಮಲ್ಲಮ್ಮ, ಹಸು ಅಷ್ಟು ಚಿಕ್ಕದರೊಳಗೆ ಹೆಂಗೆ ಹಿಡಿಸುತ್ತದೆ ಎಂದು ಪಕ್ಕದವರನ್ನು ವಿಚಾರಿಸಿದರು. ರೂಪಶ್ರೀ ಗಂಡನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ಮದುವೆಯಾದವರಿಗೆ ಅದು ಗೊತ್ತು, ಆಗದವರು ಹೆದರುವುದು ಬೇಡ.

ಆಡಿದ ಮಾತನ್ನು ನುಂಗುವ ಗಂಡಸಲ್ಲ ಚಿಕ್ಕಮಲ್ಲಪ್ಪ. ಮುಂದಿನ ಭಾನುವಾರವೇ ಮೈಸೂರಿನ ಒಂದು ಅಂಗಡಿಯಿಂದ ಕ್ಯಾಮೆರಾ ತಂದ. ಮನೆಯಲ್ಲಿ ಕಂಪ್ಯೂಟರು ಇತ್ತು, ತಂತಿಯಿಲ್ಲದೆ ಇಂಟರ್‌ನೆಟ್ ಹಂಚುವ, ಎರಡು ಕೊಂಬಿನ ವೈಫೈ ಪೆಟ್ಟಿಗೆಯೂ ಇತ್ತು. ಕ್ಯಾಮೆರಾವನ್ನು ಕೊಟ್ಟಿಗೆಯ ತೊಲೆಗೆ ಕಟ್ಟಿದ್ದಾಯಿತು. ಅದು ಕತ್ತಲಲ್ಲೂ ಕಾಣುತ್ತದೆ ಎಂದು ಅಂಗಡಿಯವನು ಹೇಳಿದ್ದು ನಿಜ. ಆದರೆ ಹಾಗೆ ಕಾಣುವಾಗ ಎಲ್ಲವೂ ವಿಭೂತಿ ಬಳಿದಂತೆ ಬೂದು ಬಣ್ಣಕ್ಕೆ ತಿರುಗುತ್ತದೆ ಎಂದು ಹೇಳಿರಲಿಲ್ಲ. ಕೆಂಪಿ ಕೆಂಪಾಗಿ ಕಾಣಲಿಲ್ಲ. ಆದರೂ ಕಂಡಳು.

ಬೀದಿಯವರೆಲ್ಲ ಬಂದು ಮುಂದಿನ ಕೋಣೆಯಲ್ಲಿ ನಿಂತು ಹಿತ್ತಲಿನ ಹಸುವನ್ನು ಕಂಪ್ಯೂಟರಿನಲ್ಲಿ ನೋಡಿ ಮೆಚ್ಚಿದರು. ಮೆಚ್ಚದವರು ಪಕ್ಕದ ಮನೆಯ ಮೂಗಮ್ಮ ಒಬ್ಬರೇ. ಇಪ್ಪತ್ತು ಹೆಜ್ಜೆ ನಡೆದರೆ ಹಸುವೇ ಕಾಣುತ್ತದೆ, ಮುಟ್ಟಲೂ ಬಹುದು, ಇದಕ್ಕೆ ಯಾಕೆ ಇಷ್ಟು ಸಾಹಸ ಎಂದು ಅವರ ತಕರಾರು. ಇದು ಬರೀ ಮನೆಯೊಳಗಿನ ದರ್ಶನ, ಗುಂಡ್ಲುಪೇಟೆಯಿಂದ ನೋಡಲು ಇನ್ನೊಂದು ಕೆಲಸ ಬಾಕಿ ಇದೆ ಎಂದು ಚಿಕ್ಕಮಲ್ಲಪ್ಪ ಗಂಭೀರವಾಗಿ ತಿಳಿಸಿದ.

ಆ ಕೆಲಸದ ಹೆಸರು ಪೋರ್ಟ್ ಫಾರ್ವರ್ಡಿಂಗ್. ಹೊರಗಿನಿಂದ ಬಂದವರನ್ನು ವೈಫೈ ಪೆಟ್ಟಿಗೆ ಬಾಗಿಲಲ್ಲೇ ತಡೆದು ವಾಪಸು ಕಳಿಸುತ್ತದೆ. ಇಂಥ ನಂಬರಿನ ಬಾಗಿಲಿಗೆ ಬಂದವರನ್ನು ಒಳಗಿನ ಇಂಥವರ ಹತ್ತಿರ ಕಳಿಸು ಎಂದು ಅದಕ್ಕೆ ಮೊದಲೇ ಬರೆದುಕೊಟ್ಟಿರಬೇಕು. ಅಂಗಡಿಯ ತಂತ್ರಜ್ಞ ಫೋನಿನಲ್ಲಿ ಹೇಳುತ್ತ ಹೋದ, ಚಿಕ್ಕಮಲ್ಲಪ್ಪ ಮಾಡುತ್ತ ಹೋದ. ಕಂಪ್ಯೂಟರಿನಲ್ಲಿ ಒಂದು ಪುಟ ತೆರೆಯಿತು. ಅದು ಅಚ್ಚುಕಟ್ಟಾದ ಒಂದು ನಮೂನೆ: ಹೆಸರು, ಹೊರಗಿನ ಬಾಗಿಲಿನ ಸಂಖ್ಯೆ, ಒಳಗಿನ ಬಾಗಿಲಿನ ಸಂಖ್ಯೆ, ತಲುಪಬೇಕಾದ ವಿಳಾಸ. ನಮೂನೆ ಕಂಡರೆ ಹಸಿವು ಮರೆಯುವ ಮನುಷ್ಯ ಅವನು. ಒಂದು ಖಾನೆ ಬಿಡದೆ ತುಂಬಿದ, ಎರಡು ಸಲ ತಾಳೆ ನೋಡಿದ. ಬಂದ ಟಪಾಲನ್ನು ಸಂಬಂಧಪಟ್ಟವರಿಗೆ ಮುಟ್ಟಿಸುವುದನ್ನೇ ಹದಿನಾಲ್ಕು ವರ್ಷ ಮಾಡಿದವನಿಗೆ ಇದೇನು ದೊಡ್ಡ ವಿದ್ಯೆ?

ಕೊನೆಗೆ ತಂತ್ರಜ್ಞ ಎರಡು ನಂಬರು ಬರೆದುಕೊಳ್ಳಲು ಹೇಳಿದ. ಒಂದು ಕ್ಯಾಮೆರಾದ ಒಳಗಿನ ನಂಬರು, 192.168.1.20. ಇನ್ನೊಂದು ಇಡೀ ಮನೆಯ ಹೊರಗಿನ ನಂಬರು. ಬೇರೆ ಊರಿನಿಂದ ನೋಡುವಾಗ ಹೊರಗಿನದನ್ನೇ ಹಾಕಬೇಕು, ಒಳಗಿನದು ಮನೆಯೊಳಗೆ ಮಾತ್ರ ಎಂದು ಎರಡು ಸಲ ಹೇಳಿದ. ಕರೆಂಟು ಹೋಗಿ ಬಂದರೆ ಹೊರಗಿನ ನಂಬರು ಬದಲಾಗಬಹುದು, ಆಗಾಗ ನೋಡಿಕೊಳ್ಳಿ ಎಂದೂ ಸೇರಿಸಿದ.

ಅನಾಹುತಕ್ಕೆ ಬೀಜ ಬಿದ್ದದ್ದು ಇಲ್ಲಿ. ಟಪಾಲು ಶಾಖೆಯಲ್ಲಿ ಪ್ರತಿ ಕಾಗದಕ್ಕೂ ಎರಡು ನಂಬರು: ಕಳಿಸಿದ ಕಚೇರಿ ಹಾಕಿದ್ದು ಒಂದು, ನಮ್ಮ ಇನ್‌ವರ್ಡ್ ರಿಜಿಸ್ಟರಿನಲ್ಲಿ ನಾವು ಹಾಕಿದ್ದು ಒಂದು. ಹೊರಗಿನವರ ನಂಬರು ಹೊರಗಿನವರ ಪಾಡು. ನಾಳೆ ಕಡತ ಹುಡುಕಲು ಕೈ ಹಿಡಿಯುವುದು ನಮ್ಮ ನಂಬರೇ. ಅದರಲ್ಲೂ ಕರೆಂಟು ಹೋದಾಗಲೆಲ್ಲ ಬದಲಾಗುವ ನಂಬರನ್ನು ನಂಬಿ ಚಾಮರಾಜನಗರದಲ್ಲಿ ಯಾರು ಬದುಕಲಾದೀತು? ಸಂಜೆಯೊಳಗೆ ಮೂರು ನಂಬರು ಆಗಿರುತ್ತದೆ. ಚಿಕ್ಕಮಲ್ಲಪ್ಪ ಹೊರಗಿನದನ್ನು ಪೆನ್ಸಿಲಿನಲ್ಲಿ ಬರೆದು, ಒಳಗಿನದನ್ನು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದ.

ಆ ವಾರ ರಾಜಶೇಖರ ಮೂರು ಸಲ ಫೋನು ಮಾಡಿ, ಯಾವ ಅಂಗಡಿ, ಯಾವ ಕ್ಯಾಮೆರಾ, ವೈಫೈ ಪೆಟ್ಟಿಗೆ ಯಾವುದು ಎಂದು ಕೇಳಿದ. ಭಾಮೈದನಿಗೆ ಕೊನೆಗೂ ತನ್ನ ಮೇಲೆ ಗೌರವ ಹುಟ್ಟಿತೆಂದು ಚಿಕ್ಕಮಲ್ಲಪ್ಪ ಹೆಂಡತಿಗೆ ಹೇಳಿದ. ರೂಪಶ್ರೀ, ತನ್ನ ತಮ್ಮನಿಗೆ ಆ ಕಾಯಿಲೆ ಹುಟ್ಟಿನಿಂದಲೇ ಇಲ್ಲ ಎಂದಳು.

ಚಪ್ಪರದ ದಿನ ಎಲ್ಲರೂ ಗುಂಡ್ಲುಪೇಟೆಗೆ ಹೊರಟರು. ಕೊಟ್ಟಿಗೆಯ ಬೀಗದ ಕೈಯನ್ನು ಮೂಗಮ್ಮನಿಗೆ ಕೊಟ್ಟು, ಮೇವು ನೀರು ಇಟ್ಟು ಬಾಗಿಲು ಹಾಕಿಕೊಂಡರೆ ಸಾಕು, ಕಾವಲು ಕೂರುವುದು ಬೇಡ, ಕಾಯುವುದನ್ನು ತಾನೇ ಅಲ್ಲಿಂದ ಮಾಡುತ್ತೇನೆ ಎಂದು ಚಿಕ್ಕಮಲ್ಲಪ್ಪ ಹೇಳಿದ. ತಮ್ಮ ಜನ್ಮದಲ್ಲಿ ಹನ್ನೊಂದು ಹಸುಗಳ ಹೆರಿಗೆ ಮಾಡಿಸಿದ್ದ ಮೂಗಮ್ಮ ಬೀಗದ ಕೈ ಈಸಿಕೊಂಡು ಸೆರಗಿಗೆ ಗಂಟು ಹಾಕಿಕೊಂಡರು.

ಗುಂಡ್ಲುಪೇಟೆಯ ಮನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮದುಮಗನಿಗೆ ಅರಿಶಿನ ಹಚ್ಚಲು ಒಳಮನೆಯಲ್ಲಿ ಕೂರಿಸಿದರು. ಅರಿಶಿನ ಬಿದ್ದ ಮೇಲೆ ಮದುಮಗ ಹೊಸಿಲು ದಾಟಬಾರದು ಎಂಬುದು ಆ ಮನೆಯ ಕಟ್ಟು. ನಡುಮನೆಯಲ್ಲಿ ಊರೂರಿನ ನೆಂಟರು ತುಂಬಿದ್ದರು. ಕುದೇರಿನಿಂದ ಬಂದವರು, ಬದನಗುಪ್ಪೆಯಿಂದ ಬಂದವರು, ಎಲ್ಲಿಂದಲೋ ಬಂದು ಯಾರ ಕಡೆಯವರೆಂದು ಯಾರಿಗೂ ತಿಳಿಯದೆ ಎರಡು ಸಲ ಉಂಡವರು. ಅವರೆಲ್ಲರ ಎದುರು ಚಿಕ್ಕಮಲ್ಲಪ್ಪ ರೇಷ್ಮೆ ಪಂಚೆಯ ನೆರಿಗೆ ಸರಿಮಾಡಿಕೊಂಡು ರಾಜಶೇಖರನ ಕಂಪ್ಯೂಟರಿನ ಮುಂದೆ ಕೂತು, ಕೆಂಪು ಶಾಯಿಯ ನಂಬರನ್ನು ಒಂದೊಂದೇ ಅಂಕಿ ಒತ್ತಿ ಹಾಕಿದ.

ಹೆಸರು, ಗುಪ್ತಪದ ಕೇಳಿತು. ಕ್ಯಾಮೆರಾದ ಡಬ್ಬಿಯ ಜತೆ ಬಂದ ಚೀಟಿಯಲ್ಲಿದ್ದುದನ್ನೇ ಕೊಟ್ಟ. ಚಿತ್ರ ಮೂಡಿತು.

ಬಾಗಿಲು ಹಾಕಿ ಕತ್ತಲಾದ ಬೂದು ಬಣ್ಣದ ಕೊಟ್ಟಿಗೆ, ಬೂದು ಬಣ್ಣದ ಹಸು, ಒಳಕ್ಕೆ ಬಾಗಿದ ಅದೇ ಕೊಂಬು. ನಡುಮನೆಯಲ್ಲಿ ಒಂದು ಉದ್ಗಾರ ಎದ್ದಿತು. ಪುಟ್ಟಮಲ್ಲಮ್ಮ ಸೆರಗು ಸರಿ ಮಾಡಿಕೊಂಡು, ಅದಕ್ಕೂ ನಾವು ಕಾಣುತ್ತೇವಾ ಎಂದು ಕೇಳಿದರು. ಚಿಕ್ಕಮಲ್ಲಪ್ಪ ಯಾರ ಕಡೆಗೂ ತಿರುಗಲಿಲ್ಲ. ದೊಡ್ಡವರು ತಿರುಗುವುದಿಲ್ಲ. ಶಾಂತಮಲ್ಲಮ್ಮ ಮಾತ್ರ ಕಂಪ್ಯೂಟರಿಗೆ ಬೆನ್ನು ಹಾಕಿ ಎಲೆಯಡಿಕೆ ಜೋಡಿಸುತ್ತ ಕೂತಿದ್ದರು.

ಮೂರು ಗಂಟೆಗೆ ಚಿತ್ರದ ಹಸು ಮಲಗಿತು, ಎದ್ದಿತು, ಮತ್ತೆ ಮಲಗಿತು. ಹಳ್ಳಿಯ ಜನಕ್ಕೆ ಅದನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ. ಚಿಕ್ಕಮಲ್ಲಪ್ಪ ಮೊಬೈಲು ತೆಗೆದು ಮೂಗಮ್ಮನಿಗೆ ಫೋನು ಮಾಡಿದ.

“ಮೂಗಮ್ನೋರೇ, ನೋವು ಶುರುವಾಗ್ಬುಟ್ಟದೆ. ಬ್ಯಾಗ ಕೊಟ್ಗೆಗೆ ಓಗಿ.”

“ಕೊಟ್ಗೆಲೇ ಇವ್ನಿ ಕಣಪ್ಪ. ನಿನ್ ಹಸ ಮೆಲುಕಾಕ್ತಾ ನಿಂತದೆ.”

“ನಿಂತಿಲ್ಲ, ಮಲಗಿಕಂಡದೆ. ನಾನ್ ಕಣ್ಣಾರ ನೋಡ್ತಾ ಇವ್ನಿ.”

“ನಾನೇನ್ ಮೂಗಲ್ ನೋಡ್ತಾ ಇದ್ದೀನಾ?”

ಹಸು ಮಲಗಿದೆಯೋ ನಿಂತಿದೆಯೋ ಎಂಬ ಒಂದು ಸಾಧಾರಣ ಸಂಗತಿಯ ಮೇಲೆ ಮೂವತ್ತೈದು ಕಿಲೋಮೀಟರು ಉದ್ದದ ಜಗಳ ನಡೆಯಿತು. ವಯಸ್ಸಾದ ಮೇಲೆ ದೃಷ್ಟಿ ಮಂದವಾಗುವುದು ಸಹಜ ಎಂದು ಚಿಕ್ಕಮಲ್ಲಪ್ಪ ಹೇಳಿದ್ದೇ, ಆ ಕಡೆ ಫೋನು ಇಟ್ಟ ಸದ್ದು ನಡುಮನೆಯವರಿಗೆಲ್ಲ ಕೇಳಿಸಿತು. ಅವನು ಬಿಡಲಿಲ್ಲ. ಪರಿಚಯದ ಪಶುವೈದ್ಯ ಸಹಾಯಕ ಸೋಮಯ್ಯನಿಗೆ ಫೋನು ಮಾಡಿ ಮನೆಗೆ ಓಡಿಸಿದ. ಸೋಮಯ್ಯ ಹೋಗಿ, ನೋಡಿ, ಮುಟ್ಟಿ, ಇವತ್ತು ಸಂಜೆಯೊಳಗೆ ಏನೂ ಆಗುವುದಿಲ್ಲ ಸಾರ್ ಎಂದು ತಿಳಿಸಿದ. ಆ ಹೊತ್ತಿಗೆ ಕಂಪ್ಯೂಟರಿನಲ್ಲಿ ಕರುವಿನ ಎರಡು ಗೊರಸು ಹೊರಗೆ ಕಾಣುತ್ತಿದ್ದವು.

“ಸೋಮಯ್ಯ, ಗೊರಸು ಬಂದವೆ.”

“ಎಲ್ಲಿಗೆ ಸಾರ್?”

ಚಿಕ್ಕಮಲ್ಲಪ್ಪ ಒಂದು ಕ್ಷಣ ಕಣ್ಣು ಮುಚ್ಚಿದ. ಆಮೇಲೆ, ಹಸುವಿಗೆ ಏನಾದರೂ ಆದರೆ ನೀವು ಈಗ ಹೇಳಿದ್ದನ್ನೆಲ್ಲ ಬರವಣಿಗೆಯಲ್ಲಿ ಕೊಡಬೇಕಾಗುತ್ತದೆ ಎಂದು ಕಚೇರಿಯ ದನಿಯಲ್ಲಿ ಹೇಳಿದ. ಚಿತ್ರದಲ್ಲಿ ಇಬ್ಬರೂ ಕಾಣದ್ದರಿಂದ, ಕೊಟ್ಟಿಗೆಗೆ ಹೋಗದೆಯೇ ಸುಳ್ಳು ಹೇಳುತ್ತಿದ್ದಾರೆಂದು ನೆಂಟರು ಮೂಗಮ್ಮನನ್ನೂ ಸೋಮಯ್ಯನನ್ನೂ ಸೇರಿಸಿ ಬೈದರು. ಬದನಗುಪ್ಪೆಯವರು, ಚಾಮರಾಜನಗರದ ಜನವೇ ಹಾಗೆ ಎಂದರು. ಹೋದ ವರ್ಷದ ಸತ್ತ ಕರುವಿನ ನೆನಪಾಗಿ ರೂಪಶ್ರೀಯ ಕಣ್ಣು ತುಂಬಿತು. ಮಕ್ಕಳಿಬ್ಬರೂ ಅಪ್ಪನ ಪಂಚೆ ಹಿಡಿದು ನಿಂತರು. ಕರು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತ್ತು. ಎಲ್ಲರೂ ನೋಡುತ್ತಿದ್ದರು, ಯಾರೂ ಅಲ್ಲಿರಲಿಲ್ಲ.

ಶಾಂತಮಲ್ಲಮ್ಮ ಎಲೆಯ ತಟ್ಟೆ ಬದಿಗಿಟ್ಟು ಎದ್ದರು. ಕಂಪ್ಯೂಟರಿನಲ್ಲಿ ಹಸು ನೋಡುವ ಗಲಾಟೆಯಲ್ಲಿ ಮನೆಯ ಹಸುವಿಗೆ ಬೆಳಗಿನಿಂದ ಯಾರೂ ಹುಲ್ಲು ಹಾಕಿಲ್ಲ ಎಂದು ಗೊಣಗಿಕೊಂಡು ಹಿತ್ತಲಿಗೆ ನಡೆದರು.

ಸ್ವಲ್ಪ ಹೊತ್ತಿಗೆ ಚಿತ್ರದ ಕೊಟ್ಟಿಗೆಯ ಬಾಗಿಲು ತೆರೆಯಿತು. ಹುಲ್ಲಿನ ಹೊರೆ ಹಿಡಿದ ಒಬ್ಬ ಹೆಂಗಸು ಒಳಗೆ ಬಂದಳು. ಕೊನೆಗೂ ಮೂಗಮ್ಮನಿಗೆ ಬುದ್ಧಿ ಬಂತು ಎಂದು ಚಿಕ್ಕಮಲ್ಲಪ್ಪ ನಿಟ್ಟುಸಿರಿಟ್ಟ. ಹೆಂಗಸು ಹೊರೆಯನ್ನು ಬಿಸಾಡಿ, ಕ್ಯಾಮೆರಾದ ಕಡೆ ಮುಖ ಎತ್ತಿ ಬಾಯಿ ಅಗಲಿಸಿ ಕೂಗಿದಳು. ಮುಖ ಶಾಂತಮಲ್ಲಮ್ಮನದು. ಚಿತ್ರ ಕಂಪ್ಯೂಟರಿನಿಂದ ಬಂತು, ಕೂಗು ಹಿತ್ತಲ ಕಿಟಕಿಯಿಂದ ಬಂತು.

“ಅಯ್ಯೋ ಶಿವನೆ, ನಮ್ ಶಾಂತಿ ಅಷ್ಟ್ ಬ್ಯಾಗ ಚಾಮರಾಜನಗರಕ್ಕೆ ಎಂಗೋದ್ಲು,” ಎಂದರು ಪುಟ್ಟಮಲ್ಲಮ್ಮ.

ಅಷ್ಟರಲ್ಲಿ ಒಳಮನೆಯಿಂದ ಅರಿಶಿನ ಮೆತ್ತಿಕೊಂಡ ರಾಜಶೇಖರ ನಡುಮನೆಗೆ ನುಗ್ಗಿ, ಚಿತ್ರ ನೋಡಿ, “ಇದು ನಮ್ ಗೌರಿ ಕಣ್ರೋ,” ಎಂದು ಹಿತ್ತಲಿಗೆ ಹಾರಲು ಹೋದ. ಐದು ಜನ ಮುತ್ತೈದೆಯರು ಅವನನ್ನು ಹೊಸಿಲಲ್ಲೇ ಹಿಡಿದುಕೊಂಡರು. ಹೊಸಿಲು ದಾಟಿದವನು ಚಿಕ್ಕಮಲ್ಲಪ್ಪ. ಕಂಪ್ಯೂಟರು, ಪಂಚೆಯ ನೆರಿಗೆಯ ಚಿಂತೆ, ಹಿರಿತನ ಎಲ್ಲ ಬಿಟ್ಟು ಓಡಿದ. ಮರುಗಳಿಗೆಯಲ್ಲಿ ನಡುಮನೆಯವರು ಅವನನ್ನು ಚಿತ್ರದಲ್ಲಿ ಕಂಡರು: ಅತ್ತೆ ಹೇಳಿದ ಕಡೆ ಕೈ ಹಾಕಿ, ಕಾಲು ಊರಿ, ಎಳೆದು, ಕರುವಿನ ಸಮೇತ ಸಗಣಿಯಲ್ಲಿ ಅಂಗಾತ ಬಿದ್ದು, ಎದ್ದು, ಕರುವಿನ ಮೂಗಿನ ಪೊರೆಯನ್ನು ತನ್ನ ರೇಷ್ಮೆ ಶಲ್ಯದಲ್ಲಿ ಒರೆಸುತ್ತಿದ್ದ. ಕರು ಸೀನಿತು.

ಆಗಿದ್ದಿಷ್ಟು. ಭಾವನನ್ನು ಮದುವೆ ಮನೆಯಲ್ಲೇ ಮೀರಿಸಬೇಕೆಂದು ರಾಜಶೇಖರ ಅದೇ ಅಂಗಡಿಯ ಅದೇ ಕ್ಯಾಮೆರಾ, ಅದೇ ವೈಫೈ ಪೆಟ್ಟಿಗೆ ತಂದು ಗುಟ್ಟಾಗಿ ತನ್ನ ಕೊಟ್ಟಿಗೆಗೂ ಕಟ್ಟಿಸಿದ್ದ. ಕೆಂಪಿಯ ಅಕ್ಕ ಗೌರಿ ಅಲ್ಲಿತ್ತು. ಅದು ಕರು ಹಾಕಲು ಇನ್ನೂ ಹದಿನೈದು ದಿನವಿದೆ ಎಂದು ಎಲ್ಲರ ಲೆಕ್ಕ. ಕಾರ್ಖಾನೆಯಿಂದ ಬರುವಾಗ ಆ ಕ್ಯಾಮೆರಾಗಳಿಗೆಲ್ಲ ಒಳಗಿನ ನಂಬರು ಒಂದೇ; ಯಾವ ಮನೆಯಲ್ಲಿ ಕೂತು ಹಾಕಿದರೆ ಆ ಮನೆಯ ಕ್ಯಾಮೆರಾವೇ ತೆರೆಯುತ್ತದೆ. ಊರ ಹೆಸರು ಬರೆಯದೆ ‘ಮಾರಿಗುಡಿ ಬೀದಿ, ಮೂರನೆ ಮನೆ’ ಎಂದಷ್ಟೇ ಬರೆದ ಕಾಗದ, ಅಂಚೆ ಡಬ್ಬಿಗೆ ಹಾಕಿದ ಊರಿನ ಮಾರಿಗುಡಿ ಬೀದಿಗೇ ಹೋಗಿ ಬೀಳುವುದು ನ್ಯಾಯ ತಾನೆ?

ಕೊಟ್ಟಿಗೆಯ ಹೊರಗೆ ನೆಂಟರೆಲ್ಲ ನೆರೆದರು. ಹಿತ್ತಲ ಕಿಟಕಿಯ ಸರಳು ಹಿಡಿದು ನಿಂತ ಹಳದಿ ಮದುಮಗ ಅಲ್ಲಿಂದಲೇ ವಾದ ಹೂಡಿದ. ಭಾವ ಕಾಯ್ತೀನಿ ಅಂದದ್ದು ಕೆಂಪಿಯನ್ನು. ಮಧ್ಯಾಹ್ನದಿಂದ ಒಂದು ನಿಮಿಷವೂ ಕೆಂಪಿಯನ್ನು ನೋಡಿಲ್ಲ. ಅವ್ವ ಹೇಳಿದ ಷರತ್ತು ಮುರಿದಂತಾಯಿತು. ಮದುವೆ ಮುಗಿದ ಮೇಲೆ ಟೆಂಪೋ ಕಳಿಸುತ್ತೇನೆ. ನೆಂಟರು ತಲೆಯಾಡಿಸಿದರು. ಅರ್ಧ ಗಂಟೆ ಮುಂಚೆ ಮೂಗಮ್ಮನನ್ನು ಬೈದವರೂ ಅವರೇ.

ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸುತ್ತಿದ್ದರು. ಚಿಕ್ಕಮಲ್ಲಪ್ಪ ಮೊಣಕೈವರೆಗೆ ಒದ್ದೆಯಾಗಿದ್ದ ಕೈಗಳನ್ನು ಸೊಂಟಕ್ಕಿಟ್ಟು ನಿಂತ.

“ಟೆಂಪೋ ಕಳ್ಸು ಕಣಯ್ಯ. ನಾಳೆ ಯಾಕೆ, ಈಗ್ಲೇ ಕಳ್ಸು. ಕಾಯಾಕಾಗ್ದೋರ್ ತಾವ ಹಸ ಇರ್ಬಾರ್ದು ಅಂತ ತಾನೆ ಅತ್ತೆ ಹೇಳಿರೋದು? ಈ ಕೊಟ್ಗೆಲಿ ಬೆಳಿಗ್ಗೆಯಿಂದ ಯಾರಿದ್ರು? ಇಪ್ಪತ್ತು ಹೆಜ್ಜೆ ಆಚೆ ಅರಿಶಿನ ಹಚ್ಚಿಸ್ಕೊಂಡು ಕೂತಿದ್ದವನು ನೀನು. ಗೌರಿನ ನೋಡ್ತಾ ಕೂತಿದ್ದವನು ನಾನು. ಗೌರಿ, ಗೌರಿ ಕರ, ಎರಡೂ ಚಾಮರಾಜನಗರಕ್ಕೆ ಬತ್ತವೆ.”

ರಾಜಶೇಖರ ಸರಳು ಬಿಟ್ಟ. ಅರಿಶಿನದ ಅಡಿಯಲ್ಲೂ ಮುಖ ಬಿಳುಚಿದ್ದು ಕಂಡಿತು. ನೆಂಟರು ಈಗ ಶಾಂತಮಲ್ಲಮ್ಮನ ಕಡೆ ತಿರುಗಿದರು. ಅವರು ಗೌರಿಯ ಬೆನ್ನು ಸವರುತ್ತ, ಮಗನನ್ನೊಮ್ಮೆ ಅಳಿಯನನ್ನೊಮ್ಮೆ ನೋಡಿ, “ಕೆಂಪಿ ಕರ ಹಾಕ್ಲಿ. ಅದು ಉಳೀತೋ ಇಲ್ವೋ ನೋಡ್ಕಂಡು ಮಾತಾಡನ. ಈಗ ಇಬ್ರೂ ಬಾಯ್ ಮುಚ್ಕಳಿ,” ಎಂದರು.

ಆ ಮೇಲೆ ಚಿಕ್ಕಮಲ್ಲಪ್ಪ ಪೆನ್ಸಿಲಿನ ನಂಬರು ಹಾಕಿ ನೋಡಿದ. ಅಷ್ಟರಲ್ಲಿ ಕರೆಂಟು ಹೋಗಿ ಬಂದು ಅದು ಬದಲಾಗಿರಬೇಕು, ಪುಟವೇ ತೆರೆಯಲಿಲ್ಲ. ಮೂಗಮ್ಮನಿಗೆ ಏಳು ಸಲ ಫೋನು ಮಾಡಿದ. ಅವರು ಎತ್ತಲಿಲ್ಲ. ಊರಿಗೆ ಹೊರಡುತ್ತೇನೆ ಎಂದದ್ದಕ್ಕೆ ರೂಪಶ್ರೀ, ಹಿರಿಯ ಅಳಿಯನಿಲ್ಲದೆಯೂ ಧಾರೆ ನಡೆಯುತ್ತದೆ ಎಂದು ತಮ್ಮ ಹೇಳಿದ ಮಾತನ್ನು ನೀವೇ ನಿಜ ಮಾಡುತ್ತೀರಾ ಎಂದು ಕೇಳಿದಳು. ಅವನು ಕೂತ.

ಮರುದಿನ ಮುಹೂರ್ತ. ಮಂಟಪದ ಎಡಕ್ಕೆ, ಒಗೆದರೂ ಸಗಣಿಯ ಗುರುತು ಬಿಡದ ಪಂಚೆಯನ್ನೇ ಬೇಕೆಂದು ಉಟ್ಟು, ಕೈಯಲ್ಲಿ ಅಕ್ಷತೆ ಹಿಡಿದು ಚಿಕ್ಕಮಲ್ಲಪ್ಪ ನಿಂತಿದ್ದಾಗ ಜೇಬಿನಲ್ಲಿ ಫೋನು ನಡುಗಿತು. ಮೂಗಮ್ಮ.

“ಆಯ್ತು ಕಣಪ್ಪ. ಹೆಣ್ಗರ. ಎದ್ದು ಹಾಲು ಕುಡೀತಾ ಅದೆ.”

ಚಿಕ್ಕಮಲ್ಲಪ್ಪ ಅಕ್ಷತೆಯ ಮುಷ್ಟಿಯಿಂದಲೇ ಇನ್ನೊಂದು ಕಿವಿ ಮುಚ್ಚಿಕೊಂಡ. ಹತ್ತಿರ ಯಾರಿದ್ದರು ಎಂದಷ್ಟೇ ಕೇಳಿದ.

“ಯಾರಿರ್ತಾರೆ? ನಾನೇಯ. ನೆನ್ನೆ ಮಧ್ಯಾನದಿಂದ ಇಲ್ಲೇ ಕುಂತಿವ್ನಿ. ನೀನು ಹಸ ಮಲಗಿಕಂಡದೆ ಅಂದೆ, ನಾನು ನಿಂತದೆ ಅಂದೆ. ನನ್ ಕಣ್ ಮಂದ ಅಂದ್ಬುಟ್ಟೆ. ಕರ ಬೀಳೋಗಂಟ ಏಳಲ್ಲ, ಆ ಪಾಪಿ ಕಂಪ್ಯೂಟ್ರು ಸುಳ್ಳು ಅಂತ ತೋರಿಸ್ದಲೆ ಬುಡಲ್ಲ ಅಂತ ಕುಂತ್ಬುಟ್ಟೆ. ಫೋನ್ ಎತ್ತಿದ್ರೆ ನೀನು ಮತ್ತೆ ಅದನ್ನೇ ಅಂತಿದ್ದೆ.”

ಸುದ್ದಿ ಮಂಟಪ ಸುತ್ತಿತು. ಬಾಸಿಂಗ ಕಟ್ಟಿಕೊಂಡ ರಾಜಶೇಖರ, ಕಾದದ್ದು ಪಕ್ಕದ ಮನೆಯಾಕೆ, ಭಾವನಲ್ಲ ಎಂದು ಕೂತಲ್ಲಿಂದಲೇ ಗೊಣಗಿದ. ಅವರಿಗೆ ಅಷ್ಟು ಸಿಟ್ಟು ಬರಿಸಿ ಅಲ್ಲಿ ಕೂರಿಸಿದ್ದು ಯಾರು, ಗುಂಡ್ಲುಪೇಟೆಯಲ್ಲಿ ಕೂತೇ ಮಾಡಿದ್ದು ತಾನೇ ಎಂದು ಚಿಕ್ಕಮಲ್ಲಪ್ಪ ಪುರೋಹಿತರಿಗೂ ಕೇಳಿಸುವಂತೆ ಉತ್ತರಿಸಿದ. ಪುರೋಹಿತರು ಮಂತ್ರದ ನಡುವೆ ಒಂದು ಸಲ ತಲೆಯೆತ್ತಿ ನೋಡಿದರು.

ಶಾಂತಮಲ್ಲಮ್ಮ ಹತ್ತಿರ ಬಂದರು. ನೆಂಟರು ಕಿವಿ ನಿಮಿರಿಸಿದರು. ಕರು ಹಾಕಿದ ಮೊದಲ ಮೂರು ದಿನದ ಹಾಲು ಹಸು ಸಾಕಿದ ಮನೆಯವರದು. ಬೇರೆಯವರು ಗಿಣ್ಣು ಬೇಕಾದರೆ ಕೇಳಿ ತರಿಸಿಕೊಳ್ಳಬೇಕು. ತನ್ನ ಕೊಟ್ಟಿಗೆಯ ಹಸುವಿನ ಗಿಣ್ಣನ್ನು ಯಾರೂ ಕೇಳಿ ಪಡೆಯುವುದಿಲ್ಲ.

“ಗಿಣ್ಣ ಯಾವಾಗ ಕಳಿಸ್ತೀರಿ ಅಳಿಮಯ್ಯ?” ಎಂದು ಶಾಂತಮಲ್ಲಮ್ಮ ಕೇಳಿದರು.

ರೂಪಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಕಳ್ಸಲ್ಲ ಅತ್ತೆ,” ಎಂದ ಚಿಕ್ಕಮಲ್ಲಪ್ಪ. “ಬಸ್ ಹತ್ಕೊಂಡು ಚಾಮರಾಜನಗರಕ್ಕೆ ಬನ್ನಿ. ಮೊದಲ ಬಟ್ಟಲು ಮೂಗಮ್ನೋರ್ಗೆ, ಎರಡನೇದು ನಿಮಗೆ.”

ವಾಲಗ ಜೋರಾಯಿತು. ಅವನು ಕೈಯಲ್ಲಿದ್ದ ಅಕ್ಷತೆಯನ್ನು ಭಾಮೈದನ ತಲೆಗೆ ಗುರಿಯಿಟ್ಟು, ಆಶೀರ್ವಾದಕ್ಕೆ ಬೇಕಾದ್ದಕ್ಕಿಂತ ತುಸು ಜೋರಾಗಿಯೇ ಎಸೆದ.